ಕೆಲಸ ಕೇಳಲು ಹೋದ ರಾಜರತ್ನಂ

ನಮ್ಮ ತಾಲ್ಲೂಕಿನ ಹಿರಿಯರನ್ನು ನೆನೆಯುವ ಪ್ರಸಂಗ ಬಂದಾಗಲೆಲ್ಲ ಕೆಲವು ಹೆಸರುಗಳು ತಾವಾಗಿಯೇ ನಾಲಗೆಗೆ ಬರುತ್ತವೆ. ಹಳ್ಳಿಹಳ್ಳಿಗೂ ಕೊಳವೆಬಾವಿ ತೋಡಿಸಿ ನೀರ್‌ಸಾಬ್ ಎಂದೇ ಹೆಸರಾದ ಅಬ್ದುಲ್ ನಜೀರ್‌ಸಾಬರು, ವಿಧಾನಸಭೆಯ ಅಧ್ಯಕ್ಷ ಪೀಠದಲ್ಲಿ ಕುಳಿತ ಕೆ. ಎಸ್. ನಾಗರತ್ನಮ್ಮನವರು, ಇವರನ್ನು ಅರಿಯದವರು ಗುಂಡ್ಲುಪೇಟೆಯಲ್ಲಿ ವಿರಳ. ಆದರೆ ಕನ್ನಡನಾಡಿನ ಮಕ್ಕಳು ಅಕ್ಷರ ಕೂಡಿಸಿ ಓದಲು ಬರುವುದಕ್ಕೆ ಮುಂಚೆಯೇ ಬಾಯಿಪಾಠ ಮಾಡಿಬಿಡುವ ಪದ್ಯಗಳನ್ನು ಬರೆದವರೊಬ್ಬರು ನಮ್ಮ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಬಾಳಿನುದ್ದಕ್ಕೂ ಹೊತ್ತಿದ್ದರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಜಿ. ಪಿ. ಎಂದರೆ ಗುಂಡ್ಲು ಪಂಡಿತ. ಜಿ. ಪಿ. ರಾಜರತ್ನಂ ಅವರ ವಂಶದ ಹಿರಿಯರು ಗುಂಡ್ಲುಪೇಟೆಯಲ್ಲಿ ನೆಲೆಸಿದ್ದವರು. ಮನೆತನ ಊರು ಬಿಟ್ಟಿತು. ಊರು ಮನೆತನವನ್ನು ಬಿಡಲಿಲ್ಲ.

ಅವರ ಕವಿತೆಗಳ ವಿಮರ್ಶೆ ಮಾಡುವ ಯೋಗ್ಯತೆ ನನಗಿಲ್ಲ, ಅದಕ್ಕೆ ನಮ್ಮ ಕನ್ನಡ ವಿಭಾಗದ ಗುರುಗಳಿದ್ದಾರೆ. ನಾನು ಹೇಳಹೊರಟಿರುವುದು ಅವರ ಬಾಳಿನ ಒಂದು ಸಣ್ಣ ಭಾಗವನ್ನು. ಎಂ.ಎ. ಪದವಿಯನ್ನು ಕೈಯಲ್ಲಿ ಹಿಡಿದುಕೊಂಡು, ಕೆಲಸ ಸಿಗದೆ, ಒಬ್ಬ ಅಧಿಕಾರಿಯ ಮುಂದೆ ಹೋಗಿ ನಿಂತ ರಾಜರತ್ನಂ. ಅಲ್ಲಿಂದ ಹೊರಗೆ ಬಂದ ಮೇಲೆ ಪುಸ್ತಕದ ಚೀಲ ಹಿಡಿದು ಮಾರಾಟಕ್ಕೆ ಹೊರಟ ರಾಜರತ್ನಂ. ಬಿ.ಎ. ಅಂತಿಮ ವರ್ಷದಲ್ಲಿರುವ ನಮಗೆ ಅವರ ಬಾಳಿನ ಈ ಭಾಗ ಉಳಿದೆಲ್ಲಕ್ಕಿಂತ ಹತ್ತಿರದ್ದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಪರೀಕ್ಷೆ ಮುಗಿದ ಮರುದಿನ ಏನು ಎಂಬ ಪ್ರಶ್ನೆಯನ್ನು ಮನೆಯವರು ಬಾಯಿಬಿಟ್ಟು ಕೇಳುವುದಿಲ್ಲ, ಕೇಳದಿರುವುದರಿಂದಲೇ ಅದು ಹೆಚ್ಚು ಕೇಳಿಸುತ್ತದೆ.

ರಾಜರತ್ನಂ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳೆದುಕೊಂಡರು. ತಂದೆ ಶಾಲೆಯ ಉಪಾಧ್ಯಾಯರು. ಅವರ ಅಕ್ಕರೆಯಲ್ಲಿ ಬೆಳೆದರು. ಮನೆಯವರು ಇಟ್ಟ ಹೆಸರು ರಾಜಯ್ಯಂಗಾರ್. ಹುಡುಗನಿಗೆ ಆ ಹೆಸರು ಹಿಡಿಸಲಿಲ್ಲ. ಶಾಲೆಯಲ್ಲಿ ಓದುತ್ತಿದ್ದಾಗಲೇ ಅಲ್ಲಿನ ಗುಮಾಸ್ತರನ್ನು ಹೇಗೋ ಒಲಿಸಿಕೊಂಡು ದಾಖಲೆಯಲ್ಲಿ ರಾಜರತ್ನಂ ಎಂದು ಬರೆಸಿಬಿಟ್ಟನಂತೆ. ಈಗಿನ ಕಾಲದಲ್ಲಿ ಆಧಾರ್ ಕಾರ್ಡಿನ ಒಂದು ಅಕ್ಷರ ತಿದ್ದಿಸಲು ಮೂರು ದಿನ ತಾಲ್ಲೂಕು ಕಚೇರಿಗೆ ಅಲೆದವರಿಗೆ ಈ ಹುಡುಗನ ಮೇಲೆ ಹೊಟ್ಟೆಕಿಚ್ಚು ಬಾರದೆ ಇರದು. ತನಗೆ ಬೇಕಾದುದನ್ನು ಎದುರಿಗಿರುವವರಿಗೆ ಒಪ್ಪಿಸುವ ಕಲೆ ಅವರಿಗೆ ಆಗಲೇ ಕೈವಶವಾಗಿತ್ತೆನ್ನಬೇಕು.

1931ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಕನ್ನಡ ಎಂ.ಎ. ಪದವಿ ದೊರೆಯಿತು. ಆಗ ಕನ್ನಡದಲ್ಲಿ ಎಂ.ಎ. ಓದಿದವರು ಬೆರಳೆಣಿಕೆಯಷ್ಟು ಮಂದಿ. ಹಾಗಿದ್ದ ಮೇಲೆ ಕೆಲಸ ಮನೆ ಬಾಗಿಲಿಗೆ ಬರಬೇಕಿತ್ತಲ್ಲವೆ? ಬರಲಿಲ್ಲ. ಕಾಲ ಕೆಟ್ಟಿತ್ತು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದುದರ ಪೆಟ್ಟು ಪ್ರಪಂಚವನ್ನೆಲ್ಲ ಸುತ್ತಿ ನಮ್ಮ ರೈತನ ಕಣದವರೆಗೂ ಬಂದಿತ್ತು; ಬೆಳೆದ ಪದಾರ್ಥಕ್ಕೆ ಬೆಲೆಯಿಲ್ಲ, ಓದಿದ ಹುಡುಗರಿಗೆ ಹುದ್ದೆಯಿಲ್ಲ. ಮೇಲಾಗಿ ಕನ್ನಡ ಓದಿದವನಿಗೆ ಕನ್ನಡ ಪಂಡಿತನ ಹುದ್ದೆಯೊಂದನ್ನು ಬಿಟ್ಟರೆ ಬೇರೆ ದಾರಿ ಯಾವುದಿತ್ತು? ರಾಜರತ್ನಂ ಕೆಲಕಾಲ ಸಣ್ಣ ಮಕ್ಕಳಿಗೆ ಪಾಠ ಹೇಳಿದರು. ಅದರಿಂದ ಸಂಸಾರ ನಡೆಯುವಂತಿರಲಿಲ್ಲ. ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದರು, ಬರಿಗೈಯಲ್ಲಿ ಹಿಂದಿರುಗಿದರು. ಆಗ ಅವರಿಗೆ ನೆನಪಾದ ಬಾಗಿಲು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರದು.

ಮಾಸ್ತಿಯವರು ಕಥೆಗಾರರೆಂದು ನಾವೆಲ್ಲ ಬಲ್ಲೆವು. ಅವರು ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಯೂ ಆಗಿದ್ದರು. 1931ರ ಜನಗಣತಿಯ ಹೊಣೆ ಅವರ ಮೇಲಿತ್ತು, ಆ ಗಣತಿಯ ವರದಿ ಅವರ ಹೆಸರಿನಲ್ಲಿಯೇ ಇದೆ. ಗಣತಿಯೆಂದರೆ ಈಗಿನಂತೆ ಯಂತ್ರದ ಕೆಲಸವಲ್ಲ. ಗಣತಿದಾರರು ಮನೆಮನೆಯಿಂದ ಬರೆದು ತಂದುದನ್ನು ಚೀಟಿಗಳಿಗೆ ಇಳಿಸಬೇಕು. ಆ ಲಕ್ಷಾಂತರ ಚೀಟಿಗಳನ್ನು ಗಂಡಸು ಹೆಂಗಸು, ವಯಸ್ಸು, ಕಸುಬು, ಭಾಷೆ ಎಂದು ವಿಂಗಡಿಸಿ ಕೈಯಿಂದಲೇ ಎಣಿಸಬೇಕು. ಇದಕ್ಕೆ ತಾತ್ಕಾಲಿಕ ಗುಮಾಸ್ತರು ಬೇಕು. ಎಂ.ಎ. ಪದವೀಧರರಾದ ರಾಜರತ್ನಂ ಅಂಥದೊಂದು ಕೆಲಸವನ್ನು ಕೇಳಿಕೊಂಡು ಮಾಸ್ತಿಯವರ ಮುಂದೆ ನಿಂತರು.

ಇದೂ ಒಂದು ಇಂಟರ್‌ವ್ಯೂ ತಾನೆ? ಮೇಜಿನ ಆಚೆ ಕೊಡುವವರು, ಈಚೆ ಬೇಡುವವರು. ಗುಮಾಸ್ತಗಿರಿಯಲ್ಲಿ ಬೇಡುವವರಿಗೆ ಅನುಭವವಿಲ್ಲ. ಕೊಡುವವರಿಗೆ ಎದುರಿಗಿರುವವನ ಯೋಗ್ಯತೆ ಗೊತ್ತಿದೆ. ಮಾಸ್ತಿಯವರು ಕೊಟ್ಟದ್ದು ಹುದ್ದೆಯನ್ನಲ್ಲ, ಸಲಹೆಯನ್ನು. ಕನ್ನಡದಲ್ಲಿ ಮಾಡುವುದಕ್ಕೆ ಬೇಕಾದಷ್ಟು ಕೆಲಸವಿದೆ, ಮಾಡುವ ಮನಸ್ಸಿದ್ದರೆ ಅದನ್ನು ಹಿಡಿಯಬಹುದು ಎಂಬುದು ಅವರ ಮಾತಿನ ಭಾವ.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿ ಕೈಮುಗಿಯುತ್ತಾರೆ. ಮಾಸ್ತಿಯವರ ದೂರದೃಷ್ಟಿಯಿಂದ ಒಬ್ಬ ಗುಮಾಸ್ತ ಕಡಮೆಯಾದ, ಒಬ್ಬ ಸಾಹಿತಿ ಹುಟ್ಟಿದ ಎನ್ನುತ್ತಾರೆ. ಅದು ನಿಜವೇ. ಆದರೆ ನನಗೆ ಮೊದಲ ಸಲ ಇದನ್ನು ಓದಿದಾಗ ಸ್ವಲ್ಪ ಕಸಿವಿಸಿಯಾಯಿತೆಂದು ಹೇಳಲೇಬೇಕು. ಸಂಬಳ ಕೇಳಲು ಹೋದವನಿಗೆ ಕೆಲಸವಿದೆ ಎಂದರೆ ಹೊಟ್ಟೆ ತುಂಬುವುದೆ? ಕೆಲಸಕ್ಕೂ ಸಂಬಳಕ್ಕೂ ನಡುವೆ ಎಷ್ಟು ದೂರವಿದೆಯೆಂಬುದು ಬಡವರ ಮನೆಯ ಮಕ್ಕಳಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ರಾಜರತ್ನಂ ಅವರಿಗೆ ಕಾಲೇಜಿನಲ್ಲಿ ಕನ್ನಡ ಪಂಡಿತರ ಹುದ್ದೆ ದೊರೆತದ್ದು 1938ರಲ್ಲಿ. ಎಂ.ಎ. ಆದದ್ದು 1931ರಲ್ಲಿ. ನಡುವಣ ಏಳು ವರ್ಷಗಳನ್ನು ಚರಿತ್ರೆ ಒಂದು ಸಾಲಿನಲ್ಲಿ ದಾಟಿಬಿಡುತ್ತದೆ. ಬದುಕಿದವರು ದಿನ ದಿನವಾಗಿ ದಾಟಬೇಕಾಯಿತು.

ಇಲ್ಲಿ ನನ್ನದೊಂದು ಮಾತನ್ನು ಸೇರಿಸುತ್ತೇನೆ, ವಾಚಕರು ಸಹಿಸಿಕೊಳ್ಳಬೇಕು. ಕಳೆದ ಬೇಸಗೆಯ ರಜೆಯಲ್ಲಿ ಮೈಸೂರಿನ ಒಂದು ಜವಳಿ ಅಂಗಡಿಗೆ ಮಾರಾಟದ ಕೆಲಸ ಕೇಳಿಕೊಂಡು ನಾನು ಹೋಗಿದ್ದೆ. ಬೇಕಾಗಿದ್ದಾರೆ ಎಂಬ ಬೋರ್ಡು ಬಾಗಿಲಲ್ಲಿಯೇ ಇತ್ತು. ಮಾಲೀಕರು ಕೆಟ್ಟವರೇನಲ್ಲ, ಕುಳಿತುಕೊಳ್ಳಲು ಹೇಳಿ ಕುಡಿಯಲು ನೀರು ಕೊಡಿಸಿದರು. ಊರು ಯಾವುದು, ಏನು ಓದಿದ್ದು, ಹಿಂದೆ ಯಾವ ಅಂಗಡಿಯಲ್ಲಿ ನಿಂತಿದ್ದು ಎಂದು ಕೇಳಿದರು. ಮೂರನೆಯ ಪ್ರಶ್ನೆಯ ಹೊತ್ತಿಗೆ ಅವರ ಕಣ್ಣು ಬಾಗಿಲ ಕಡೆಗೆ ಹೋಗಿತ್ತು. ಎಲ್ಲಾದರೂ ಒಂದು ವರ್ಷ ಅನುಭವ ಮಾಡಿಕೊಂಡು ಬರುವಂತೆ ಹೇಳಿ ಕಳುಹಿಸಿದರು. ಆ ಎಲ್ಲಾದರೂ ಎಂಬ ಊರಿಗೆ ಯಾವ ಬಸ್ಸು ಹೋಗುತ್ತದೆಯೋ ಎಂದು ಬಸ್ ನಿಲ್ದಾಣದಲ್ಲಿ ನಿಂತು ಯೋಚಿಸಿದೆ.

ಅವರ ಕಷ್ಟವೂ ನನಗೆ ತಿಳಿಯದುದಲ್ಲ. ಸೀರೆಯಂಗಡಿಯ ಕೆಲಸ ನೋಡುವುದಕ್ಕೆ ಸುಲಭ. ಯಾವ ಅಟ್ಟಣೆಯಲ್ಲಿ ಯಾವ ಸೀರೆ ಇದೆಯೆಂದು ನೆನಪಿರಬೇಕು; ಐವತ್ತು ಸೀರೆಯನ್ನು ಬಿಚ್ಚಿ ಹರವಿದ ಮೇಲೂ ಮುಖ ಸಿಂಡರಿಸಬಾರದು; ಮಡಿಕೆ ಕೆಡದಂತೆ ಮತ್ತೆ ಮಡಿಸಬೇಕು; ದೀಪದ ಬೆಳಕಿನಲ್ಲಿ ನೀಲಿಯಾಗಿ ಕಂಡದ್ದು ಬಿಸಿಲಿನಲ್ಲಿ ಹೇಗೆ ಕಾಣುವುದೆಂದು ಹೇಳಲು ಬರಬೇಕು; ಈ ದಿನ ಕೊಳ್ಳದೆ ಹೋಗುವವರು ಮುಂದಿನ ಮದುವೆಗೆ ಬರುವಂತೆ ಮಾತನಾಡಿ ಕಳುಹಿಸಬೇಕು. ಹೊಸಬರಿಗೆ ಇದನ್ನೆಲ್ಲ ಕಲಿಸುವಷ್ಟು ದಿನ ಮಾಲೀಕನಿಗೆ ನಷ್ಟ. ಆದ್ದರಿಂದ ಬೇರೊಬ್ಬರ ಖರ್ಚಿನಲ್ಲಿ ಕಲಿತು ಬಂದವರೇ ಎಲ್ಲರಿಗೂ ಬೇಕು. ಎಲ್ಲರೂ ಹೀಗೆಂದರೆ ಕಲಿಸುವವರಾರು ಎಂಬುದನ್ನು ಯಾರೂ ಕೇಳಿಕೊಳ್ಳುವುದಿಲ್ಲ.

ನಮ್ಮವ್ವ ಹಂಗಳದಾಚೆ ಬಂಡೀಪುರದ ಕಾಡಿಗೆ ಹೋಗುವ ಊಟಿ ರಸ್ತೆಯ ಬದಿಯಲ್ಲಿ ಹತ್ತು ವರ್ಷದಿಂದ ಸೌತೆಕಾಯಿ, ಸೀಬೆಹಣ್ಣು ಮಾರುತ್ತಾಳೆ. ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರ ನಿಷಿದ್ಧವಾದದ್ದು 2009ರಲ್ಲಿ. ಅಂದಿನಿಂದ ಸಂಜೆ ಬೇಗ ಕಾಡು ದಾಟುವ ಆತುರದ ಕಾರುಗಳನ್ನು ಕಂಡೊಡನೆ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಅವಳು ಹೇಳಬಲ್ಲಳು. ಕೇರಳದವರ ಹತ್ತಿರ ಮಲೆಯಾಳದಲ್ಲಿ, ತಮಿಳರ ಹತ್ತಿರ ತಮಿಳಿನಲ್ಲಿ ಬೆಲೆ ಹೇಳುತ್ತಾಳೆ. ಶಾಲೆಗೆ ರಜೆಯಿದ್ದಾಗಲೆಲ್ಲ ನಾನು ಅವಳ ಪಕ್ಕದಲ್ಲಿ ಕುಳಿತವಳೇ. ಇದು ಅನುಭವವೋ ಅಲ್ಲವೋ? ಮೈಸೂರಿನಲ್ಲಿ ನನಗೆ ಕೊಟ್ಟ ಅರ್ಜಿಯಲ್ಲಿ ಅದನ್ನು ಬರೆಯುವುದಕ್ಕೆ ಸ್ಥಳವಿರಲಿಲ್ಲ. ಅಲ್ಲಿ ಅಂಗಡಿಯ ಹೆಸರು, ಕೆಲಸಕ್ಕೆ ಸೇರಿದ ತಾರೀಖು, ಬಿಟ್ಟ ತಾರೀಖು ಕೇಳಿದ್ದರು. ರಸ್ತೆಯ ಬದಿಗೆ ಹೆಸರಿಲ್ಲ.

ಅಂಗಡಿಯ ಕೆಲಸವನ್ನೇ ಕೇಳಿಕೊಂಡು ಹೋಗಿ ಜಗತ್ಪ್ರಸಿದ್ಧನಾದವನೊಬ್ಬನ ಕಥೆಯೂ ಇದೆ. ಅಮೆರಿಕದ ಫ್ರಾಂಕ್ ವೂಲ್‌ವರ್ತ್ ರೈತನ ಮಗ. 1873ರ ಮಾರ್ಚಿಯಲ್ಲಿ ನ್ಯೂಯಾರ್ಕ್ ಪ್ರಾಂತದ ವಾಟರ್‌ಟೌನ್ ಎಂಬ ಊರಿನ ಜವಳಿ ಅಂಗಡಿಗೆ ಸೇರಿದಾಗ ಅವನಿಗೆ ಇಪ್ಪತ್ತು ವರ್ಷ, ನಮ್ಮದೇ ವಯಸ್ಸು. ಅನುಭವವಿಲ್ಲದವನಿಗೆ ಸಂಬಳವೆಲ್ಲಿಯದು ಎಂಬುದು ಮಾಲೀಕರ ನಿಲುವು. ಮೊದಲ ಮೂರು ತಿಂಗಳು ಬಿಟ್ಟಿ ದುಡಿಯಲು ಅವನು ಒಪ್ಪಿದ. ತಮಾಷೆಯೆಂದರೆ ಅನುಭವ ಬಂದ ಮೇಲೂ ಅವನು ಒಳ್ಳೆಯ ಮಾರಾಟಗಾರನಾಗಲಿಲ್ಲ. ಮತ್ತೊಂದು ಅಂಗಡಿಯಲ್ಲಿ ಅವನ ಸಂಬಳವನ್ನು ವಾರಕ್ಕೆ 10 ಡಾಲರಿನಿಂದ 8ಕ್ಕೆ ಇಳಿಸಿದರು. ಆದರೆ ಸಾಮಾನುಗಳನ್ನು ಕಣ್ಣಿಗೆ ಕಾಣುವಂತೆ ಜೋಡಿಸಿಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಬೆಲೆ ಬರೆದು, ವಸ್ತುವನ್ನು ಕೈಗೆಟುಕುವಂತೆ ಹರವಿಟ್ಟರೆ ಹೊಗಳಿ ಮಾರುವವನ ಅವಶ್ಯಕತೆಯೇ ಕಡಮೆ ಎಂದು ಕಂಡುಕೊಂಡ. 1879ರಲ್ಲಿ ಲ್ಯಾಂಕಾಸ್ಟರಿನಲ್ಲಿ ತೆರೆದ ಐದು ಸೆಂಟಿನ ಅಂಗಡಿ ಗೆದ್ದಿತು. 1913ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಕಂಪೆನಿಯ ಹೆಸರಿನ 792 ಅಡಿಯ ಕಟ್ಟಡ ಎದ್ದಾಗ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ. ಅವನು ಸತ್ತಾಗ, 1919ರಲ್ಲಿ, ಸಾವಿರಕ್ಕೂ ಮೀರಿ ಅಂಗಡಿಗಳಿದ್ದುವು. ಅಮೆರಿಕದಲ್ಲಿ ಆ ಹೆಸರಿನ ಅಂಗಡಿಗಳು 1997ರಲ್ಲಿ ಮುಚ್ಚಿಹೋದುವು, ಅದು ಬೇರೆ ಮಾತು. ನಾನು ಗಮನಿಸಿದ್ದು ಆ ಮೂರು ತಿಂಗಳನ್ನು. ಊಟಕ್ಕೂ ಬಾಡಿಗೆಗೂ ಅವನ ಕೈಯಲ್ಲಿ ಕೂಡಿಟ್ಟ ಹಣವಿತ್ತು. ಕೂಡಿಡಲು ಏನೂ ಇಲ್ಲದವನಾಗಿದ್ದರೆ ಆ ಕಥೆ ಆ ಬಾಗಿಲಲ್ಲಿಯೇ ಮುಗಿಯುತ್ತಿತ್ತು.

ಇನ್ನು ನಮ್ಮ ಪಂಡಿತರ ಕಡೆಗೆ ಬರೋಣ. ಬರಿಗೈಯಲ್ಲಿ ಮಾಸ್ತಿಯವರ ಮನೆಯಿಂದ ಬಂದ ರಾಜರತ್ನಂ ಆ ಸಲಹೆಯನ್ನು ಮರ್ಯಾದೆಯ ನಿರಾಕರಣೆಯೆಂದು ಭಾವಿಸಿ ಕಹಿಮಾಡಿಕೊಳ್ಳಬಹುದಿತ್ತು. ಹಾಗೆ ಮಾಡದೆ ಅದನ್ನು ಆಜ್ಞೆಯೆಂದೇ ತಿಳಿದರು. ಕನ್ನಡದಲ್ಲಿ ಯಾವ ಅಂಗಡಿ ಖಾಲಿಯಿದೆ ಎಂದು ಹುಡುಕಿದರೆನ್ನಬಹುದು. ಬುದ್ಧನ ಮಾತು ಕನ್ನಡದಲ್ಲಿ ಹೆಚ್ಚಾಗಿ ಇರಲಿಲ್ಲ; ಪಾಳಿ ಭಾಷೆಯನ್ನು ಕಲಿತು ಬೌದ್ಧ ಸಾಹಿತ್ಯವನ್ನು ತರಲಾರಂಭಿಸಿದರು. ಅದಕ್ಕೆಂದೇ ಶಾಕ್ಯ ಸಾಹಿತ್ಯ ಮಂಟಪವನ್ನು ಕಟ್ಟಿದರು. ಬುದ್ಧನ ಜಾತಕಗಳು ಬಂದುವು, ಚೀನಾ ದೇಶದ ಬೌದ್ಧ ಯಾತ್ರಿಕರ ಕಥೆ ಬಂದಿತು. ಜೈನ ಸಾಹಿತ್ಯಕ್ಕೂ ಕೈಹಾಕಿದರು. ಶ್ರೀವೈಷ್ಣವರ ಮನೆಯ ಹುಡುಗ ಬುದ್ಧನನ್ನೂ ಮಹಾವೀರನನ್ನೂ ಕನ್ನಡಿಗರ ಮನೆಗೆ ಕರೆತರಲು ಹೊರಟದ್ದನ್ನು ಕಂಡು ಯಾರು ಏನೆಂದುಕೊಂಡರೋ, ಅವರು ಮಾತ್ರ ನಿಲ್ಲಿಸಲಿಲ್ಲ.

ಮಕ್ಕಳ ಪದ್ಯಗಳು ಅದಕ್ಕೂ ಮೊದಲಿನವು. ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ, ಆ ಮಕ್ಕಳಿಗೆ ತಕ್ಕ ಪದ್ಯಗಳು ಕನ್ನಡದಲ್ಲಿ ಇಲ್ಲವೆಂದು ಕಂಡು ತಾವೇ ಬರೆದರು. ಬಣ್ಣದ ತುತ್ತೂರಿಯನ್ನು ಕೊಳದಲ್ಲಿ ಹಾಳುಮಾಡಿಕೊಂಡ ಕಸ್ತೂರಿ ನಮಗೆಲ್ಲ ಗೊತ್ತು. ನನಗೆ ಈಚೆಗೆ ಹೊಸದಾಗಿ ಕಂಡದ್ದು ನಾಯಿಮರಿಯ ಪದ್ಯ. ಒಂದನೆಯ ತರಗತಿಯಲ್ಲಿ ಅದನ್ನು ಕುಣಿದು ಹಾಡಿದ್ದೆ. ಮೈಸೂರಿನಿಂದ ಹಿಂದಿರುಗಿದ ವಾರ ತಮ್ಮನ ಮಗ್ಗುಲಲ್ಲಿ ಕುಳಿತು ಮತ್ತೆ ಕೇಳಿದಾಗ ಇದು ಪೂರಾ ಇಂಟರ್‌ವ್ಯೂ ಅಲ್ಲವೆ ಎನ್ನಿಸಿ ನಗು ಬಂದಿತು. ಹುಡುಗ ಕೇಳುತ್ತಾನೆ, ಮರಿ ಹೇಳುತ್ತದೆ. ತಿಂಡಿ ಬೇಕೋ ಎಂದರೆ ನಾಚಿಕೆಯಿಲ್ಲದೆ ಬೇಕೆನ್ನುತ್ತದೆ. ಏಕೆ ಬೇಕೆಂದರೆ ತಿಂದು ಬಲವಾಗಿ ಮನೆ ಕಾಯುವುದಕ್ಕೆ ಎನ್ನುತ್ತದೆ. ಕಳ್ಳ ಬಂದರೆ ಏನು ಮಾಡುವೆ ಎಂಬುದು ಮುಂದಿನ ಪ್ರಶ್ನೆ. ಅದಕ್ಕೂ ಉತ್ತರ ಸಿದ್ಧ. ಅಲ್ಲಿಗೆ ಕೆಲಸ ಸಿಕ್ಕಿತು. ಆ ಹುಡುಗ ಇದಕ್ಕೆ ಮುಂಚೆ ಎಷ್ಟು ಮನೆ ಕಾದಿದ್ದೀಯೆ ಎಂದು ಕೇಳಲಿಲ್ಲ, ಗಮನಿಸಿ. ಮೊದಲು ತಿಂಡಿ, ಆಮೇಲೆ ಬಲ, ಆಮೇಲೆ ಕಾವಲು ಎಂಬ ಕ್ರಮವನ್ನು ಮರಿಯೂ ಒಪ್ಪಿಕೊಂಡಿದೆ, ಹುಡುಗನೂ ಒಪ್ಪಿಕೊಂಡಿದ್ದಾನೆ. ರಾಜರತ್ನಂ ಇದನ್ನು ತಮ್ಮ ಕಷ್ಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರೆಂದು ನಾನು ವಾದಿಸುವುದಿಲ್ಲ. ಮಕ್ಕಳಿಗಾಗಿ ಬರೆದದ್ದೇ ಇರಬೇಕು. ಕೆಲಸ ಹುಡುಕುವವರ ಕಿವಿಗೆ ಅದು ಹೀಗೆ ಕೇಳಿಸುತ್ತದೆ, ಅಷ್ಟೆ.

ಆ 1930ರ ದಶಕದಲ್ಲಿಯೇ ಹುಟ್ಟಿದವನು ಹೆಂಡಗುಡುಕ ರತ್ನ. ಹೆಂಡದ ಗಡಂಗಿನಲ್ಲಿ ಕುಳಿತು, ಹೆಂಡತಿ ಪುಟ್ನಂಜಿಯನ್ನೂ ಕನ್ನಡವನ್ನೂ ಒಂದೇ ಉಸಿರಿನಲ್ಲಿ ನೆನೆಯುವ ಈ ರತ್ನನನ್ನು ಸೃಷ್ಟಿಸಿದವರು ಹೆಂಡ ಮುಟ್ಟದ ಪಂಡಿತರೆಂಬುದು ಲೋಕಕ್ಕೆ ಆಶ್ಚರ್ಯ. ನನಗೆ ಅದಕ್ಕಿಂತ ಆಶ್ಚರ್ಯವಾದದ್ದು ಭಾಷೆ. ಹಳಗನ್ನಡದ ಚಂಪುವನ್ನು ಓದಿ ಎಂ.ಎ. ಪಡೆದವರು ನಮ್ಮ ಹಳ್ಳಿಯ ಜಗಲಿಯ ಮಾತನ್ನು, ಅಕ್ಷರ ನುಂಗುವ ನಾಲಗೆಯನ್ನು, ಹಾಗೆಯೇ ಕಾಗದಕ್ಕಿಳಿಸಿದರು. ಕಾಲೇಜಿಗೆ ಬಂದ ಹೊಸದರಲ್ಲಿ ನಮ್ಮ ಹಳ್ಳಿಮಾತನ್ನು ಮುಚ್ಚಿಡಲು ನಾವೆಷ್ಟು ಪಾಡುಪಟ್ಟೆವೆಂಬುದು ನಮಗೇ ಗೊತ್ತು. ಅದೇ ಮಾತನ್ನು ಪುಸ್ತಕದಲ್ಲಿ ಅಚ್ಚಾಗಿ ಕಂಡಾಗ ಆಗುವ ಧೈರ್ಯ ಸಾಮಾನ್ಯವಾದುದಲ್ಲ.

ಪುಸ್ತಕ ಬರೆದರಾಯಿತೆ? ಕೊಳ್ಳುವವರು ಬೇಕು. ರಾಜರತ್ನಂ ಎಣಿಸಲು ಹೋಗಿದ್ದ ಆ ಜನಗಣತಿಯೇ ಲೆಕ್ಕ ಕೊಡುತ್ತದೆ: 1931ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 65 ಲಕ್ಷ ಮೀರಿತ್ತು, ಅಕ್ಷರ ಬಲ್ಲವರು ನೂರಕ್ಕೆ ಹತ್ತರ ಆಸುಪಾಸು. ಅವರಲ್ಲಿ ಪುಸ್ತಕ ಕೊಳ್ಳುವ ಅಭ್ಯಾಸವಿದ್ದವರು ಎಷ್ಟು? ಆಗ ಕನ್ನಡ ಲೇಖಕನಾದವನು ಸಾಲ ಮಾಡಿ ತಾನೇ ಅಚ್ಚುಹಾಕಿಸಬೇಕು, ಕಟ್ಟುಗಳನ್ನು ಮನೆಯಲ್ಲಿ ಪೇರಿಸಿಕೊಂಡು ಕಾಯಬೇಕು. ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯವರು 1933ರಲ್ಲಿ ಚಂದಾದಾರರನ್ನು ಮೊದಲೇ ಕೂಡಿಸಿಕೊಳ್ಳುವ ಉಪಾಯ ಹಿಡಿದರು. ಅದಕ್ಕಿಂತ ಹಿಂದೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದರು. ರಾಜರತ್ನಂ ಹಿಡಿದದ್ದು ಗಳಗನಾಥರ ದಾರಿಯನ್ನು. ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡರು, ಜನವಿದ್ದಲ್ಲಿಗೆ ನಡೆದರು, ಮಾರಿದರು.

ಎಂ.ಎ. ಓದಿದವರು ಚೀಲ ಹೊತ್ತು ಮಾರುವುದೆಂದರೆ ಆ ಕಾಲದಲ್ಲಿ ಏನೆಂದು ಊಹಿಸಿಕೊಳ್ಳಿ. ಮಾರುವವನು ಕೊಳ್ಳುವವನಿಗಿಂತ ಒಂದು ಮೆಟ್ಟಿಲು ಕೆಳಗೆ ಎಂಬ ಭಾವನೆ ನಮ್ಮಲ್ಲಿ ಈಗಲೂ ಹೋಗಿಲ್ಲ. ನಮ್ಮ ತರಗತಿಯಲ್ಲಿಯೇ ಅಂಗಡಿಯ ಕೆಲಸಕ್ಕೆ ಹೋಗುವೆನೆಂದರೆ, ಡಿಗ್ರಿ ಮಾಡಿ ಇದೆಯೆ ಎಂದು ಕೇಳುವವರಿದ್ದಾರೆ. ಸರ್ಕಾರದ ಪರೀಕ್ಷೆಗಳಿಗೆ ಓದುತ್ತ ಐದು ವರ್ಷ ಕುಳಿತರೆ ಗೌರವ. ಐದು ತಿಂಗಳು ಗಲ್ಲಾದ ಮುಂದೆ ನಿಂತರೆ ಕನಿಕರ! ರಾಜರತ್ನಂ ಅವರನ್ನು ಕನ್ನಡಿಗರು ಸಾಹಿತ್ಯ ಪರಿಚಾರಕರೆಂದು ಕರೆದರು. ಪರಿಚಾರಕ ಎಂದರೆ ಎತ್ತಿ ಕೊಡುವವನು, ಬಡಿಸುವವನು. ಜವಳಿ ಅಂಗಡಿಯ ಹುಡುಗಿ ಮಾಡುವುದೂ ಅದನ್ನೇ. ಆ ಮಾತಿನಲ್ಲಿ ಕೀಳೇನೂ ಅವರಿಗೆ ಕಾಣಲಿಲ್ಲ.

ಅವರ ಮಾರಾಟದಲ್ಲಿ ಒಂದು ಗುಣವನ್ನು ನಾನು ಬಹಳವಾಗಿ ಮೆಚ್ಚುತ್ತೇನೆ. ತಮ್ಮ ಪುಸ್ತಕ ಒಂದೇ ಅಲ್ಲ, ಎಲ್ಲರ ಕನ್ನಡ ಪುಸ್ತಕವೂ ಮನೆ ಸೇರಬೇಕೆಂಬ ಹಟ. 1938ರಲ್ಲಿ ಹುದ್ದೆ ಸಿಕ್ಕಿತು, ತಿಂಗಳಿಗೊಮ್ಮೆ ಸಂಬಳ ಬರತೊಡಗಿತು. ಇನ್ನು ಚೀಲವನ್ನು ಮೊಳೆಗೆ ತಗುಲಿಹಾಕಬಹುದಿತ್ತು. ಹಾಕಲಿಲ್ಲ. ಹಲವು ಊರುಗಳ ಕಾಲೇಜುಗಳಲ್ಲಿ ಪಾಠ ಹೇಳಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದಮೇಲೆ ಅಲ್ಲಿನ ಕರ್ನಾಟಕ ಸಂಘವೇ ಅವರ ಅಂಗಡಿಯಾಯಿತು. ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಸಂಘ ಅದು. ರಾಜರತ್ನಂ ಅಲ್ಲಿ ವಿದ್ಯಾರ್ಥಿಗಳಿಂದ ಬರೆಯಿಸಿದರು. ವಿದ್ಯಾರ್ಥಿ ವಿಚಾರ ವಿಲಾಸ ಎಂಬ ಹೆಸರಿನಲ್ಲಿ ಅವರ ಬರವಣಿಗೆಯನ್ನು ಅಚ್ಚು ಮಾಡಿಸಿದರು. ಅಚ್ಚಾದುದನ್ನು ವಿದ್ಯಾರ್ಥಿಗಳಿಗೂ ಉಳಿದವರಿಗೂ ಮಾರಿದರು.

ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಪ್ಪತ್ತು ವರ್ಷದ ಹುಡುಗನ ಲೇಖನವನ್ನು ಯಾವ ಪ್ರಕಾಶಕ ಮುಟ್ಟುತ್ತಾನೆ? ಇದಕ್ಕೆ ಮುಂಚೆ ಏನು ಬರೆದಿದ್ದೀಯೆ ಎಂದು ಕೇಳುತ್ತಾನೆ. ಜವಳಿ ಅಂಗಡಿಯ ಪ್ರಶ್ನೆಯೇ ಇಲ್ಲಿಯೂ. ರಾಜರತ್ನಂ ಆ ಪ್ರಶ್ನೆಯನ್ನು ಕೇಳಲಿಲ್ಲ. ಮೊದಲ ಲೇಖನ ಯಾವತ್ತಿದ್ದರೂ ಎಲ್ಲಿಯಾದರೂ ಅಚ್ಚಾಗಲೇಬೇಕು, ಅದು ಇಲ್ಲಿಯೇ ಆಗಲಿ ಎಂದರು. ಕಲಿಸುವ ಖರ್ಚನ್ನು ಬೇರೆಯವರ ಮೇಲೆ ಹಾಕದೆ ತಾವೇ ಹೊತ್ತುಕೊಂಡರು. ಸೆಂಟ್ರಲ್ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದ ಕೆ. ಎಸ್. ನಿಸಾರ್ ಅಹಮದರು ಮುಂದೆ ಕನ್ನಡದ ದೊಡ್ಡ ಕವಿಯಾದರು. ಅವರು ಬರೆಯಲು ತೊಡಗಿದ ದಿನಗಳಲ್ಲಿ ಬೆನ್ನು ತಟ್ಟಿದವರಲ್ಲಿ ರಾಜರತ್ನಂ ಒಬ್ಬರು. ಕಲ್ಲು ಮಣ್ಣು ಓದುವ ಹುಡುಗನಿಗೆ ಕವಿತೆಯಲ್ಲಿ ಏನು ಅನುಭವ ಎಂದು ಅವರು ಕೇಳಿದ್ದರೆ ಏನಾಗುತ್ತಿತ್ತು?

ಮಾಸ್ತಿಯವರ ಆ ದಿನದ ಸಲಹೆ ಸರಿಯೇ ತಪ್ಪೇ ಎಂದು ನಮ್ಮ ಹಾಸ್ಟೆಲಿನಲ್ಲಿ ಒಂದು ರಾತ್ರಿ ವಾದವಾಯಿತು. ಗೆಳತಿಯರಲ್ಲಿ ಒಬ್ಬಳು, ಗುಮಾಸ್ತನ ಕೆಲಸವನ್ನೂ ಕೊಟ್ಟು ಸಲಹೆಯನ್ನೂ ಕೊಡಬಹುದಿತ್ತು ಎಂದಳು. ನನ್ನ ಮನಸ್ಸೂ ಆ ಕಡೆಗೇ ವಾಲುತ್ತದೆ. ಆದರೆ ಮಾಸ್ತಿಯವರ ಪರವಾಗಿ ಒಂದು ಮಾತು ಹೇಳಬೇಕು. ತಮ್ಮ ಸಲಹೆಯನ್ನು ಬೇರೆಯವರಿಗೆ ಮಾತ್ರ ಮೀಸಲಾಗಿಟ್ಟವರಲ್ಲ ಅವರು. ತಮಗಿಂತ ಕಿರಿಯ ಅಧಿಕಾರಿಯೊಬ್ಬರಿಗೆ ಮಂತ್ರಿಪದವಿ ಹೋದಾಗ, 1943ರಲ್ಲಿ, ತಾವೇ ಹುದ್ದೆಗೆ ರಾಜೀನಾಮೆ ಕೊಟ್ಟು ಹೊರಗೆ ಬಂದರು. ಕನ್ನಡದ ಕೆಲಸವನ್ನು ಹಿಡಿದು ಕುಳಿತರು. ಜೀವನ ಪತ್ರಿಕೆಯನ್ನು ಎರಡು ದಶಕಗಳ ಕಾಲ ನಡೆಸಿದರು. ಚಿಕವೀರ ರಾಜೇಂದ್ರ ಬಂದದ್ದು ಆಮೇಲೆ, ಜ್ಞಾನಪೀಠ ಬಂದದ್ದು ಇನ್ನೂ ಆಮೇಲೆ. ಮೇಜಿನ ಆಚೆ ಕುಳಿತಿದ್ದವರೂ ಒಂದು ದಿನ ಎದ್ದು ಈಚೆಗೆ ಬಂದರು ಎನ್ನೋಣ.

ರಾಜರತ್ನಂ 1964ರಲ್ಲಿ ನಿವೃತ್ತರಾದರು. ಬರವಣಿಗೆ ನಿಲ್ಲಲಿಲ್ಲ. ಮಕ್ಕಳ ಪುಸ್ತಕ, ಬೌದ್ಧ ಪುಸ್ತಕ, ಜೈನ ಪುಸ್ತಕ, ನಾಟಕ, ನೆನಪುಗಳು, ಎಲ್ಲವನ್ನೂ ಸೇರಿಸಿದರೆ ನಮ್ಮ ಗ್ರಂಥಾಲಯದ ಒಂದು ಕಪಾಟು ಸಾಲದು. ಮೈಸೂರು ಅನಂತಸ್ವಾಮಿಯವರು ರತ್ನನ ಪದಗಳಿಗೆ ರಾಗ ಹಾಕಿ ಹಾಡಿದ ಮೇಲಂತೂ ಪುಸ್ತಕ ಕಾಣದವರ ಮನೆಗೂ ರತ್ನ ಹೋದ. ಹಬ್ಬದ ದಿನ ನಮ್ಮೂರಿನ ಧ್ವನಿವರ್ಧಕದಲ್ಲಿ ಅವನ ಹಾಡು ಬಂದರೆ, ಬರೆದವರು ಎಂ.ಎ. ಪಂಡಿತರೆಂದು ಹೇಳಿದರೂ ನಮ್ಮಪ್ಪ ನಂಬುವುದಿಲ್ಲ. ನಮ್ಮ ಕಡೆಯವನಾರೋ ಕಟ್ಟಿರಬೇಕು ಎನ್ನುತ್ತಾರೆ. ಗುಂಡ್ಲು ಪಂಡಿತರೆಂದಮೇಲೆ ಅವರ ಮಾತೂ ಸುಳ್ಳಲ್ಲ.

1978ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಅದು ಐವತ್ತನೆಯ ಸಮ್ಮೇಳನ. ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿ ಬರಿಗೈಯಲ್ಲಿ ಬಂದವರು ಈ ಸಲ ಇನ್ನೂ ದೂರ ಹೋಗಿದ್ದರು, ಕರೆಯಿಸಿಕೊಂಡು. ಮರುವರ್ಷ 1979ರ ಮಾರ್ಚ್ 13ರಂದು ತೀರಿಕೊಂಡರು.

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ರತ್ನನ ಪದಗಳ ಪ್ರತಿ ಒಂದೇ ಇದೆ. ಬೆನ್ನು ಕಿತ್ತಿದೆ, ಆದರೆ ಪುಟಗಳು ಪೂರ್ತಿಯಾಗಿವೆ. ಸದ್ಯಕ್ಕೆ ಅದು ನನ್ನ ಬಳಿಯಲ್ಲಿದೆ. ತಿಂಗಳ ಕೊನೆಗೆ ಹಿಂದಿರುಗಿಸಬೇಕು. ಅಷ್ಟರೊಳಗೆ ಬೇಕಾದವರು ಕೇಳಿದರೆ ಕೊಡುತ್ತೇನೆ, ಮೊದಲು ಓದಬೇಕಾದ ನಾಲ್ಕು ಪದ್ಯಗಳಿಗೆ ಕಾಗದದ ಚೂರು ಇಟ್ಟಿದ್ದೇನೆ.